ಸೋರಿದ್ದು ಮಣ್ಣಲ್ಲ ಗುರು, ಮಗ್ಗುಲು!

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಕಸದ ಗುಂಡಿ ತಳಕ್ಕೆ ಹಾಸೋ, ನೀರು ಸೋರದ ಮಣ್ಣಿನ ಪದರ (ಲೈನರ್) ಮಾಡೋ ಪ್ರಯತ್ನ ನಂದು. ಮೂರು ವಾರದಿಂದ ನಮ್ಮ ಕೆಂಪು ಮಣ್ಣಿಗೆ 1% ಕ್ಸಾಂಥನ್ ಗಮ್ (ಸಾಸ್ ಗಟ್ಟಿ ಮಾಡೋಕೆ ಹಾಕೋ ಅಂಟುಪುಡಿ) ಬೆರೆಸಿ ಪ್ರಾಕ್ಟರ್ ಮೋಲ್ಡಲ್ಲಿ, ಅಂದ್ರೆ ಮಣ್ಣು ಕುಟ್ಟೋ ಕಬ್ಬಿಣದ ಅಚ್ಚಲ್ಲಿ, ಕುಟ್ಟಿ ಕುಟ್ಟಿ ತೋಳು ಬಿದ್ದುಹೋಯ್ತು, ಮೇಲಿನ ಪೈಪಿಂದ ಮಣ್ಣೊಳಗೆ ನೀರು ಎಷ್ಟು ಬೇಗ ಇಳಿಯತ್ತೆ ಅಂತ ಅಳೆಯೋ ಫಾಲಿಂಗ್ ಹೆಡ್ ಪರೀಕ್ಷೆ ಹಚ್ಚಿದ್ರೆ 6 ಎಂಎಂ ಪೈಪಲ್ಲಿ ನೀರು 100 ಸೆಂ.ಮೀ.ಯಿಂದ 90ಕ್ಕೆ ನಲವತ್ತೇ ನಿಮಿಷದಲ್ಲಿ ಇಳಿದುಬಿಡೋದು. ಲೆಕ್ಕ ಹಾಕಿದ್ರೆ ಮಣ್ಣು ನೀರು ಬಿಡೋ ಪ್ರಮಾಣ (ಪರ್ಮಿಯಬಿಲಿಟಿ) ಸೆಕೆಂಡಿಗೆ 2×10⁻⁶ ಸೆಂ.ಮೀ. 2016ರ ಘನತ್ಯಾಜ್ಯ ನಿಯಮದಲ್ಲಿ ಲೈನರ್ ಮಣ್ಣಿಗೆ ಕೇಳಿದ್ದು 1×10⁻⁷ ಮೀರಬಾರದು ಅಂತ, ಅಂದ್ರೆ ಅದೇ ಹತ್ತು ಸೆಂ.ಮೀ. ಇಳಿಯೋಕೆ ಹದಿಮೂರು ಗಂಟೆ ಮೇಲಾಗ್ಬೇಕು!

ಮೊದ್ಲು ಗಮ್ ಮೇಲೇ ಅನುಮಾನ. ನೀರಿಗೆ ಸುರಿದ್ರೆ ಗಂಟು, ಹೊಸಬರು ತೊಳಸಿದ ರಾಗಿಮುದ್ದೆ ಥರ, ಹೊರಗೆ ಲೋಳೆ ಒಳಗೆ ಒಣಪುಡಿ. ಒಣಮಣ್ಣಲ್ಲೇ ಬೆರೆಸಿ ಆಮೇಲೆ ನೀರು ಚಿಮುಕಿಸಿದೆ, ಗಂಟು ಹೋಯ್ತು, ರೀಡಿಂಗ್ ಮಾತ್ರ ಅಲ್ಲೇ. ಇದರ ಮಧ್ಯೆ ಸಪ್ಲೈಯರ್ ಮಹಾಶಯ ಎರಡನೇ ಪ್ಯಾಕೆಟಲ್ಲಿ ಗ್ವಾರ್ ಗಮ್ ಕಳಿಸಿದಾನೆ, ಅದೇ ಗೋರಿಕಾಯಿ ಬೀಜದ್ದು. ಫೋನ್ ಮಾಡಿದ್ರೆ "ಎರಡೂ ಗಟ್ಟಿ ಮಾಡತ್ತಲ್ಲ ಸಾರ್" ಅಂತೆ.

ಮೊನ್ನೆ ತಲೆಕೆಟ್ಟು ಪೈಪಿಗೆ ಬಟ್ಟೆಗೆ ಹಾಕೋ ನೀಲಿ ಸುರಿದೆ. ಮೋಲ್ಡ್ ಬಿಚ್ಚಿ ಮಣ್ಣು ಸೀಳಿದ್ರೆ ನಡುವೆ ಅಚ್ಚ ಕೆಂಪು, ಸುತ್ತ ಮಾತ್ರ ಸೀರೆ ಅಂಚಿನ ಹಾಗೆ ನೀಲಿ ಗೆರೆ! ತಪ್ಪು ನಂದೇ. ಅಮ್ಮ ಯುಟಿಲಿಟಿಯಿಂದ ಓಡಿಸಿದ್ರು ಅಂತ ಕುಟ್ಟಿದ ಮೋಲ್ಡನ್ನ ಕ್ಯಾಪ್ ಹಾಕದೆ ನಡುಮನೆಯಲ್ಲಿ ಫ್ಯಾನ್ ಕೆಳಗೆ ಇಡ್ತಿದ್ದೆ, ರಾತ್ರಿಯೆಲ್ಲ ಆರಿ ಕೂದಲೆಳೆಯಷ್ಟು ಕುಗ್ಗಿ ಗೋಡೆ ಬಿಟ್ಟಿದೆ, ನೀರಿಗೆ ಅಷ್ಟು ಸಾಕು.

ಈ ಸಲ ಅರ್ಥಿಂಗ್ ಗುಂಡಿಗೆ ಹಾಕೋ ಬೆಂಟೊನೈಟ್ (ನೆನೆದ್ರೆ ಉಬ್ಬೋ ಜೇಡಿಮಣ್ಣು) ಕಲಸಿ ಮೋಲ್ಡ್ ಒಳಗೋಡೆಗೆ ತೆಳ್ಳಗೆ ಸವರಿದೆ, ಆಪ್ಟಿಮಮ್‌ಗಿಂತ, ಅಂದ್ರೆ ಮಣ್ಣು ಅತಿ ಗಟ್ಟಿಯಾಗಿ ಕೂರೋ ನೀರಿನ ಹದಕ್ಕಿಂತ, ಎರಡು ಪರ್ಸೆಂಟ್ ನೀರು ಜಾಸ್ತಿ, ಕುಟ್ಟಿದ ತಕ್ಷಣ ಕ್ಯಾಪ್, ಪೈಪ್ ನೀರು ಆವಿಯಾಗ್ದಿರ್ಲಿ ಅಂತ ಮೇಲೆ ಒಂದು ತೊಟ್ಟು ಎಣ್ಣೆ. ಹದಿನಾರು ಗಂಟೆ ತಗೊಂತು! ಲೆಕ್ಕಕ್ಕೆ 8.4×10⁻⁸, ಮಿತಿಯೊಳಗೆ. ಪೇಸ್ಟ್‌ದೇ ಮಹಿಮೆ ಇರ್ಬಹುದು ಅಂತ ಗಮ್ ಇಲ್ಲದ ಮಣ್ಣಿಗೂ ಅದನ್ನೇ ಸವರಿ ನೋಡಿದೆ, ಮೂರೇ ಗಂಟೆಯಲ್ಲಿ ಇಳಿದುಹೋಯ್ತು, ಅಂದ್ರೆ ಗಮ್ಮೂ ಕೆಲಸ ಮಾಡಿದೆ.

ಕುಣಿಯೋ ಹಾಗಿಲ್ಲ, ಇದೆಲ್ಲ ಕಾವೇರಿ ನೀರಲ್ಲಿ. ಕಸದಿಂದ ಇಳಿಯೋ ಕಪ್ಪುನೀರಲ್ಲಿ ಉಪ್ಪು, ಆಸಿಡ್, ಗಮ್ ತಿನ್ನೋ ಬ್ಯಾಕ್ಟೀರಿಯಾ ಎಲ್ಲಾ ಇರತ್ತೆ. ಮುಂದಿನ ಸರದಿ ಉಪ್ಪಿಂದು, ಕ್ಯಾಲ್ಸಿಯಂ ಕ್ಲೋರೈಡ್ ನೀರು.

ಅಂದಹಾಗೆ ಬೆಲ್ಲ, ಅಳಲೆಕಾಯಿ ಹಾಕಿ ಹಳೇ ಕಾಲದ ಗಾರೆ ಅರೆಯೋ ಆಸೆ ಹುಟ್ಟಿದೆ, ಸುಣ್ಣ ಆಗ್ಲೇ ನೆನೆಹಾಕಿದೀನಿ. ಅಮ್ಮಂಗೆ ಹೇಳಿಲ್ಲ. ಉಳಿದ ಗಮ್ ಮಣ್ಣಿನ ಡಬ್ಬಿ ನಿನ್ನೆ ತೆಗೆದ್ರೆ ಬಿಳೀ ಬೂಷ್ಟು, ಅದನ್ನೂ ಹೇಳಿಲ್ಲ.