ಬಚ್ಚಲ ಒಲೆಯ ಹೊಗೆ ಅಳೆದ ಬೆಳಗು

"ಮಲೆನಾಡಲ್ಲಿ ಗಾಳಿ ಅಳೆಯೋಕೆ ಏನಿದೆ ಮಾರಾಯ್ತಿ, ಬೆಂಗಳೂರಲ್ಲಿ ಅಳಿ" ಅಂತ ಚಿಕ್ಕಪ್ಪ ನಕ್ಕರು. ಡಿಸೆಂಬರ್ ತಿಂಗಳು, ಸಾಗರದ ಹತ್ತಿರದ ನಮ್ಮ ಹಳ್ಳಿ. ನನ್ನ ಬ್ಯಾಗಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ಸೆನ್ಸರ್‌ಗಳಿದ್ದವು. ಪಿಎಂಎಸ್ 5003 ಅಂತ ಹೆಸರು. ಒಳಗಿನ ಪುಟಾಣಿ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ, ಆ ಗಾಳಿಯ ಮೇಲೆ ಲೇಸರ್ ಬೀಳುತ್ತದೆ. ಕಣಗಳು ಚೆದುರಿಸಿದ ಬೆಳಕು ನೋಡಿ ಪಿಎಂ 2.5 ಎಷ್ಟಿದೆ ಅಂತ ಲೆಕ್ಕ ಹಾಕುತ್ತದೆ. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು; ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಸೌದೆ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತಲೂ ಸಣ್ಣವು. ಮೂಗಿಗೆ ಸಿಗದೆ ಶ್ವಾಸಕೋಶದ ಆಳಕ್ಕೇ ಹೋಗುವಂಥವು.

ನಮ್ಮ ಮನೆಯಲ್ಲಿ ಅಡುಗೆ ಈಗ ಗ್ಯಾಸಿನಲ್ಲಿ. ಅದಕ್ಕೂ ಮುಂಚೆ ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು ರೂಪಿಸಿದ, ಮೂರು ಪಾತ್ರೆ ಕೂರುವ, ಹೊಗೆ ಕೊಳವೆ ಇರುವ ಒಲೆ. ಅದು ಬಂದ ಮೇಲೆ ಅಜ್ಜಿಯ ಕಣ್ಣುರಿ ನಿಂತಿತು ಅಂತ ಮನೆಯಲ್ಲಿ ಈಗಲೂ ಹೇಳುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಕೊಳವೆ ಹೊಗೆಯನ್ನು ಹೊರಗೆ ಕಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಹೊರಗೆ ಹೋದದ್ದು ಎಲ್ಲಿ ಹೋಯಿತು ಅಂತ ಯಾರೂ ಕೇಳಿರಲಿಲ್ಲ ಅನ್ನಿಸುತ್ತೆ.

ಸ್ನಾನದ ನೀರಿಗೆ ಮಾತ್ರ ಇವತ್ತಿಗೂ ಬಚ್ಚಲ ಒಲೆಯೇ ಬೇಕು. ಹಂಡೆಯ ಕೆಳಗೆ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಸಿಪ್ಪೆ, ಕೈಗೆ ಸಿಕ್ಕ ಸೌದೆ. ಬೆಳಿಗ್ಗೆ ಆರರ ಹೊತ್ತಿಗೆ ಎಲ್ಲರ ಮನೆಯ ಹಂಚಿನ ಸಂದಿಯಿಂದಲೂ ಒಟ್ಟಿಗೇ ಹೊಗೆ ಏಳುತ್ತದೆ.

ಮೊದಲ ರಾತ್ರಿ ಎರಡೂ ಸೆನ್ಸರ್‌ಗಳನ್ನು ಜಗಲಿಯ ಸೂರಿನ ಕೆಳಗೆ ಪಕ್ಕಪಕ್ಕದಲ್ಲೇ ಇಟ್ಟೆ. ಎರಡೂ ಒಂದೇ ಮಾತು ಹೇಳುತ್ತವಾ ಅಂತ ಮೊದಲು ನೋಡಲೇಬೇಕು. ಇಲ್ಲದಿದ್ದರೆ ಮುಂದಿನ ಯಾವ ಅಂಕಿಗೂ ಬೆಲೆಯಿಲ್ಲ. ಹೆಚ್ಚುಕಡಿಮೆ ಒಂದೇ ತೋರಿಸಿದವು. ನಸುಕಿನ ನಾಲ್ಕಕ್ಕೆ 60ರ ಆಸುಪಾಸು. ಆರೂವರೆಗೆ 240. ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೊಗ್ರಾಂ ಅಂತ ಲೆಕ್ಕ.

ಚಿಕ್ಕಪ್ಪ ಮೊಬೈಲಿನಲ್ಲಿ ಅಂಕಿ ನೋಡಿದರು, ಅಂಗಳ ನೋಡಿದರು. "ಇದು ಇಬ್ಬನಿ. ಹೊಗೆ ಅಂತ ಹ್ಯಾಗೆ ಹೇಳ್ತೆ?"

ಸರಿಯಾದ ಪ್ರಶ್ನೆ. ಗಾಳಿಯ ತೇವಾಂಶ ಆಗ ಶೇ. 96 ಇತ್ತು. ಅಷ್ಟು ತೇವದಲ್ಲಿ ಕಣಗಳು ನೀರು ಹೀರಿ ಉಬ್ಬುತ್ತವೆ, ಜಾಸ್ತಿ ಬೆಳಕು ಚೆದುರಿಸುತ್ತವೆ. ಇಬ್ಬನಿಯ ಹನಿಗಳನ್ನೂ ಈ ಯಂತ್ರ ಕಣ ಅಂತಲೇ ಎಣಿಸಬಹುದು. ಪಟ್ಟಣಗಳಲ್ಲಿ ಸರ್ಕಾರ ಇಟ್ಟಿರುವ ದೊಡ್ಡ ಯಂತ್ರಗಳಲ್ಲಿ ಗಾಳಿಯನ್ನು ಸ್ವಲ್ಪ ಬಿಸಿ ಮಾಡಿ ತೇವ ತೆಗೆದು, ಕಣಗಳನ್ನು ಪಟ್ಟಿಯ ಮೇಲೆ ಕೂರಿಸಿ, ಬೀಟಾ ಕಿರಣ ಹಾಯಿಸಿ ತೂಕ ಕಂಡುಹಿಡಿಯುತ್ತಾರೆ. ನನ್ನ ಹತ್ತಿರ ಅದೆಲ್ಲ ಎಲ್ಲಿ ಬರಬೇಕು?

ಆದರೆ ಎರಡು ಸೆನ್ಸರ್ ಇದ್ದವಲ್ಲ. ಮಾರನೇ ದಿನ ಒಂದನ್ನು ಅಂಗಳದಲ್ಲೇ ಬಿಟ್ಟು, ಇನ್ನೊಂದನ್ನು ಕೆಳಗಿನ ಅಡಿಕೆ ತೋಟದಲ್ಲಿ ಮರಕ್ಕೆ ಕಟ್ಟಿ ಬಂದೆ. ಇಬ್ಬನಿ ಎರಡೂ ಕಡೆ ಬೀಳುತ್ತದೆ, ಒಲೆ ಇರುವುದು ಮೇಲೆ ಮಾತ್ರ. ಹಾಗಾಗಿ ಎರಡರ ನಡುವಿನ ವ್ಯತ್ಯಾಸವೇ ಹೊಗೆ ಅಂತ ನನ್ನ ಲೆಕ್ಕ. ಒಲೆ ಹಚ್ಚಿದ ಕಾಲು ಗಂಟೆಯಲ್ಲೇ ಅಂಗಳದ ಅಂಕಿ ನೆಗೆಯಿತು, ತೋಟದ್ದು ಅಲ್ಲಾಡಲಿಲ್ಲ. ಚಿಕ್ಕಪ್ಪ "ಹ್ಞೂಂ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಒಪ್ಪಿಗೆ.

ನಾನು ಎಣಿಸದೇ ಇದ್ದದ್ದು ಆಮೇಲೆ ಆಯಿತು. ಏಳೂವರೆಯ ಹೊತ್ತಿಗೆ ತೋಟದ ಅಂಕಿ ತಾನೂ ನಿಧಾನಕ್ಕೆ ಏರತೊಡಗಿತು. ಅಲ್ಲಿ ಯಾರೂ ಏನೂ ಸುಡುತ್ತಿರಲಿಲ್ಲ. ನಮ್ಮ ತೋಟಗಳಿರುವುದು ಕಣಿವೆಯ ತಳದಲ್ಲಿ. ಚಳಿಗಾಲದ ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಹರಿದು ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಊರಿನ ಬಚ್ಚಲುಗಳ ಹೊಗೆ ಮೇಲೇಳಲಾರದೆ ಅದೇ ದಾರಿ ಹಿಡಿದು ಇಳಿದಿತ್ತು. ಅಲ್ಲಿಗೆ ನನ್ನ ಲೆಕ್ಕಕ್ಕೂ ತೂತು ಬಿತ್ತು: ತೋಟದ ಗಾಳಿಯಲ್ಲೂ ಹೊಗೆ ಇದ್ದರೆ ವ್ಯತ್ಯಾಸ ಹೇಳುವುದು ನಿಜಕ್ಕಿಂತ ಕಡಿಮೆಯೇ.

ಇನ್ನು 240 ಅನ್ನೋದು ನಿಜವಾ? ಅಲ್ಲ. ಸೌದೆ ಹೊಗೆಯಲ್ಲಿ ಈ ಅಗ್ಗದ ಸೆನ್ಸರ್‌ಗಳು ಸುಮಾರು ಎರಡು ಪಟ್ಟು ತೋರಿಸುವುದುಂಟು. ಇದೇ ಕಂಪನಿಯ ಸೆನ್ಸರ್ ಇರುವ ಪರ್ಪಲ್‌ಏರ್ ಯಂತ್ರಗಳಿಗೆ ಅಮೆರಿಕದ ಪರಿಸರ ಸಂಸ್ಥೆ ಒಂದು ಸೂತ್ರ ಕೊಟ್ಟಿದೆ. ಬಂದ ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ 0.0862 ಪಾಲು ಕಳೆದು, 5.75 ಕೂಡಿಸಬೇಕು. ಹಾಗೆ ಮಾಡಿದರೆ 240 ಇಳಿದು 123ರ ಹತ್ತಿರ ಬರುತ್ತದೆ. ಅಲ್ಲಿನ ಗಾಳಿಗೆ ಕಟ್ಟಿದ ಸೂತ್ರ, ನಮ್ಮ ಅಡಿಕೆ ಸಿಪ್ಪೆಗೆ ಎಷ್ಟು ಹೊಂದುತ್ತದೋ. ಅರ್ಧ ಅಂತ ಇಟ್ಟುಕೊಂಡರೂ ಕಡಿಮೆಯಲ್ಲ. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಈ ಸರಾಸರಿ ಅನ್ನೋದರ ಮೇಲೆ ನನಗೆ ಸಿಟ್ಟಿದೆ. ಮಧ್ಯಾಹ್ನದ ಒಳ್ಳೆಯ ಗಾಳಿ ಸೇರಿಸಿ ದಿನದ ಲೆಕ್ಕ ತೆಗೆದರೆ ನಮ್ಮೂರು ದೇಶದ ಮಿತಿಯೊಳಗೇ ಪಾಸಾಗುತ್ತದೆ. ಆದರೆ ಮಕ್ಕಳು ಶಾಲೆಗೆ ಹೊರಡುವುದು, ವಯಸ್ಸಾದವರು ಬಿಸಿಲಿಗೆ ಅಂಗಳದಲ್ಲಿ ಕೂರುವುದು ಆ ಕೆಟ್ಟ ಎರಡು ಗಂಟೆಯಲ್ಲೇ, ಅಲ್ವಾ?

ಸೋಲಾರ್ ಹಾಕಿಸಿ ಅಂದೆ. "ಮಳೆಗಾಲದಲ್ಲಿ ಸೂರ್ಯನ್ನ ನೀನೇ ತಂದುಕೊಡು" ಅಂದರು ಚಿಕ್ಕಮ್ಮ. ಆದರೆ ಮರುದಿನ ಅವರೇ ಅಟ್ಟದಿಂದ ಒಣಗಿದ ಸೀಳು ಸೌದೆ ಇಳಿಸಿ, ಹಸಿ ಸಿಪ್ಪೆ ಮುಟ್ಟದೆ ಒಲೆ ಹಚ್ಚಿದರು. ಅಂಕಿ ಹಿಂದಿನ ದಿನದ ಅರ್ಧಕ್ಕೂ ಏರಲಿಲ್ಲ. ಒಂದು ಬೆಳಗಿನ ಫಲಿತಾಂಶ, ಗಾಳಿಯೂ ಸ್ವಲ್ಪ ಬೀಸುತ್ತಿತ್ತು. ಹಾಗಾಗಿ ಅದನ್ನೇ ಹಿಡಿದು ಕುಣಿಯಲಾರೆ.

ಸುದ್ದಿ ಊರೆಲ್ಲ ಹಬ್ಬಿತು. ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ "ನಮ್ಮನೆ ಹೊಗೆ ಮಾತ್ರ ಅಳೀಬೇಡ" ಅಂದರು. ಹೊರಡುವ ಹಿಂದಿನ ಸಂಜೆ ಚಿಕ್ಕಪ್ಪ ತಾವೇ ಸೆನ್ಸರ್ ಎತ್ತಿಕೊಂಡು ಅಡಿಕೆ ಬೇಯಿಸುವ ಒಲೆಯ ಹತ್ತಿರ ನಡೆದರು. ಅಲ್ಲಿ ಅಂಕಿ 500 ದಾಟಿತು. ಈ ಸೆನ್ಸರ್ ಸರಿಯಾಗಿ ಅಳೆಯುವುದು 500ರ ತನಕ ಅಂತಲೇ ತಯಾರಕರು ಹೇಳುವುದು. ಹಾಗಾಗಿ ಅದರಾಚೆಯದ್ದನ್ನು ನಾನು ಬರೆದುಕೊಳ್ಳಲಿಲ್ಲ.