ಪ್ಯಾಂಟಿನ ಅಳತೆ, ಸೀಟಿನ ಕತೆ

ಬಸ್ ಓಡಿಸುವವರ ಹೊಟ್ಟೆ ಮುಂದೆ ಬಂದರೆ "ತಿನ್ನೋದು ಜಾಸ್ತಿ ಆಗಿದೆ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದು ಅನ್ಯಾಯ. ತಟ್ಟೆಗಿಂತ ಮೊದಲು ಅವರ ಸೀಟು, ಅವರ ಡ್ಯೂಟಿ ಪಟ್ಟಿ ನೋಡಬೇಕು.

1953ರಲ್ಲಿ ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ ಅವರ ತಂಡ ಲಂಡನ್ನಿನ ಬಸ್ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿತು. ಡಬಲ್ ಡೆಕ್ಕರ್‌ಗಳಲ್ಲಿ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗಿಂತ ಕೂತೇ ದುಡಿಯುತ್ತಿದ್ದ ಚಾಲಕರಲ್ಲಿ ಹೃದಯಾಘಾತದ ಸಾವು ಹೆಚ್ಚಿತ್ತು. 1956ರಲ್ಲಿ ಅದೇ ತಂಡ ಸಮವಸ್ತ್ರದ ಅಳತೆಗಳನ್ನು ನೋಡಿತು: ಚಾಲಕರ ಪ್ಯಾಂಟಿನ ಸೊಂಟ ದೊಡ್ಡದು. ಇನ್ನೂ ಹೆಚ್ಚು ವರ್ಷ ಸೀಟಿನಲ್ಲಿ ಕೂತಿರದ ಎಳೆಯ ಚಾಲಕರಲ್ಲೂ ಈ ವ್ಯತ್ಯಾಸವಿತ್ತು, ಹಾಗಾಗಿ ಎಲ್ಲವನ್ನೂ ಸೀಟಿನ ತಲೆಗೆ ಕಟ್ಟಲಾಗದು. ಆದರೂ ಈಗ ಎಷ್ಟೋ ಬಸ್ಸುಗಳಲ್ಲಿ ಕಂಡಕ್ಟರೇ ಇಲ್ಲ, ಟಿಕೆಟನ್ನೂ ಚಾಲಕರೇ ಕೂತಲ್ಲಿಂದ ಕೊಡಬೇಕು.

ತೂಕದ ಜೊತೆ ಟೇಪನ್ನೂ ಹಿಡಿಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ ಅಳೆಯಬೇಕು. ಬೆಲ್ಟ್ ಕಟ್ಟುವ ಜಾಗದಲ್ಲಿ ಅಳೆದರೆ ಮೋಸ ಹೋಗುತ್ತೀರಿ, ಹೊಟ್ಟೆ ಬೆಳೆದಂತೆ ಬೆಲ್ಟ್ ಕೆಳಗಿಳಿದಿರುತ್ತದೆ. ಸೊಂಟ ಎತ್ತರದ ಅರ್ಧ ದಾಟಬಾರದು: 170 ಸೆಂ.ಮೀ. ಎತ್ತರದವರಿಗೆ 85. ರಕ್ತದೊತ್ತಡ ನೋಡುವಾಗ ತೋಳು ದಪ್ಪಗಿದ್ದರೆ ಅದಕ್ಕೆ ಸುತ್ತುವ ದೊಡ್ಡ ಪಟ್ಟಿಯನ್ನೇ ಕೇಳಿ, ಚಿಕ್ಕದು ಒತ್ತಡವನ್ನು ಹೆಚ್ಚಾಗಿ ತೋರಿಸುತ್ತದೆ.

ಹೊಟ್ಟೆ ಸ್ಟೇರಿಂಗಿಗೆ ತಾಗತೊಡಗಿದಾಗ ಚಾಲಕರು ಸೀಟನ್ನು ಹಿಂದಕ್ಕೆ ಸರಿಸುತ್ತಾರೆ. ಆಗ ಪೆಡಲ್ ದೂರವಾಗುತ್ತದೆ, ಕಾಲು ಚಾಚಬೇಕು, ಸೊಂಟ ಒರಗುದಿಂಬಿನಿಂದ ಜಾರಿ ಮುಂದೆ ಬರುತ್ತದೆ. ಬೆನ್ನುನೋವಿಗೆ ಇಷ್ಟು ಸಾಕು. ನೋವು ಬಂದ ಮೇಲೆ ನಡಿಗೆಯೂ ನಿಲ್ಲುತ್ತದೆ. ಸ್ಟೇರಿಂಗ್ ಕಂಬವನ್ನು ಓರೆಮಾಡುವ ಸೌಲಭ್ಯವಿದ್ದರೆ ಮೊದಲು ಅದನ್ನು ಬಳಸಿ. ಸೀಟ್ ಬೆಲ್ಟ್ ಹೊಟ್ಟೆಯ ಮೇಲಲ್ಲ, ಕೆಳಗೆ, ತೊಡೆಸಂದಿಗೆ ಹತ್ತಿರ ಇರಲಿ.

ಶೌಚಾಲಯ ಸಿಗದ ಮಾರ್ಗದಲ್ಲಿ ನೀರು ಕುಡಿಯುವುದನ್ನೇ ಬಿಡುತ್ತಾರೆ, ಸುಸ್ತಾದಾಗ ಸಿಹಿ ಪಾನೀಯ ಹಿಡಿಯುತ್ತಾರೆ. ಅಂಥ 330 ಮಿ.ಲೀ. ಡಬ್ಬಿಯೊಂದರಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ರಾತ್ರಿ ಪಾಳಿಯ ಭಾರಿ ಊಟವೂ ಹೀಗೆಯೇ, ಆ ಹೊತ್ತಿನಲ್ಲಿ ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ದೊಡ್ಡ ಊಟ ಪಾಳಿಗೆ ಮೊದಲೇ ಆಗಲಿ, ನಡುರಾತ್ರಿಗೆ ಸ್ವಲ್ಪ ಸಾಕು. ಕೊನೆ ಸ್ಟಾಪಿನಲ್ಲಿ ಹತ್ತು ನಿಮಿಷ ಸಿಕ್ಕರೆ ಮೊಬೈಲ್ ಒಳಗಿಟ್ಟು ಬಸ್ಸಿನ ಸುತ್ತ ಚುರುಕಾಗಿ ನಡೆಯಿರಿ. ಆರು ಟ್ರಿಪ್ಪಿಗೆ ಒಂದು ಗಂಟೆ. ವೇಳಾಪಟ್ಟಿ ಬರೆಯುವವರು ಆ ಹತ್ತು ನಿಮಿಷವನ್ನು ದಯವಿಟ್ಟು ಕತ್ತರಿಸಬಾರದು.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ಗೊರಕೆಗೆ. ಕತ್ತಿನ ಸುತ್ತಳತೆ 40 ಸೆಂ.ಮೀ. ದಾಟಿ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತದೆ ಎಂದು ಮನೆಯವರು ಹೇಳಿದರೆ ನಿದ್ರಾ ಪರೀಕ್ಷೆ ಮಾಡಿಸಿ. ರಾತ್ರಿಯೆಲ್ಲ ಮಲಗಿದರೂ ಹಗಲಲ್ಲಿ ಸ್ಟೇರಿಂಗ್ ಮುಂದೆ ಕಣ್ಣು ಮುಚ್ಚುವುದು ಹೀಗೆ ಉಸಿರು ಕಟ್ಟುವುದರಿಂದಲೇ ಇರಬಹುದು. ಕೆಲಸ ಹೋದೀತೆಂದು ಎಷ್ಟೋ ಜನ ಮುಚ್ಚಿಡುತ್ತಾರೆ. ರಾತ್ರಿ ಮುಖಕ್ಕೆ ಹಾಕಿಕೊಳ್ಳುವ, ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ನಿಯಮಿತವಾಗಿ ಬಳಸಿದರೆ ಹಗಲಿನ ತೂಕಡಿಕೆ ಬಹುಪಾಲು ಇಳಿಯುತ್ತದೆ, ವೈದ್ಯರು ಒಪ್ಪಿದ ಮೇಲೆ ಮತ್ತೆ ಬಸ್ ಹತ್ತಬಹುದು.