ಹಾಲು ಒಗ್ಗದಿದ್ದರೆ ಮಜ್ಜಿಗೆಯನ್ನೂ ಬಿಡಬೇಕೇ?

ಕೊಪ್ಪಳದಲ್ಲಿ ಯಾರಿಗಾದರೂ ಹೊಟ್ಟೆ ಉಬ್ಬರಿಸಿತೆಂದರೆ ಮೊದಲು ಆರೋಪ ಹೊರುವುದು ಮಿರ್ಚಿ ಬಜ್ಜಿ. ನಮ್ಮ ಚಿಗವ್ವನವರೂ ಮೊದಲು ಬಜ್ಜಿ ಬಿಟ್ಟರು, ಬಳಿಕ ಶೇಂಗಾ ಚಟ್ನಿ, ಕೊನೆಗೆ ಮೊಸರು, ಮಜ್ಜಿಗೆ. ಮಲಗುವ ಮುನ್ನ ಕುಡಿಯುವ ದೊಡ್ಡ ಲೋಟ ಹಾಲು ಮಾತ್ರ ಶಕ್ತಿಗೆ ಬೇಕೆಂಬ ಕಾರಣಕ್ಕೆ ಉಳಿದಿತ್ತು. ವೈದ್ಯರ ಮಾತಿನಂತೆ ಕೆಲವು ವಾರ ಹಾಲನ್ನು ನಿಲ್ಲಿಸಿದಾಗ ಉಬ್ಬರ ಇಳಿಯಿತು.

ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಬಾಲ್ಯ ಕಳೆದಂತೆ ಜಗತ್ತಿನ ಹೆಚ್ಚಿನ ಜನರಲ್ಲಿ ಇದು ಕಡಿಮೆಯಾಗುತ್ತದೆ; ಆಗ ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ವಾಯುವಾಗುತ್ತದೆ, ನೀರನ್ನು ಎಳೆದುಕೊಂಡು ಭೇದಿಯನ್ನೂ ತರುತ್ತದೆ. ಇಲ್ಲಿ ಪ್ರಮಾಣವೇ ಮುಖ್ಯ. 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಚಹಾಕ್ಕೆ ಬೆರೆಸುವ ಸ್ವಲ್ಪ ಹಾಲು ಬಹಳಷ್ಟು ಜನರಿಗೆ ತೊಂದರೆ ಕೊಡುವುದಿಲ್ಲ. ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಭಾಗ ಹುಳಿಯಾಗಿ ಬದಲಾಗುವುದರಿಂದ ಮೊಸರು ಹಾಲಿಗಿಂತ ಸುಲಭವಾಗಿ ಒಗ್ಗುತ್ತದೆ. ಜೋಳದ ರೊಟ್ಟಿಯ ಜೊತೆಗಿನ ಮೊಸರನ್ನು ಪರೀಕ್ಷಿಸದೆಯೇ ಬಿಡುವುದು ನನಗೆ ಅನ್ಯಾಯವೆನಿಸುತ್ತದೆ. ಹಾಲನ್ನು ಪೂರ್ತಿ ಬಿಟ್ಟವರು ಸುಣ್ಣದ ಅಂಶಕ್ಕಾಗಿ, ಅಂದರೆ ಕ್ಯಾಲ್ಸಿಯಂಗಾಗಿ, ರಾಗಿ, ಎಳ್ಳನ್ನು ಹೆಚ್ಚಿಸಿಕೊಳ್ಳಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ಬಿಟ್ಟದ್ದನ್ನು ಮರಳಿ ತಿಂದು ನೋಡುವುದೂ ಪರೀಕ್ಷೆಯ ಭಾಗವೇ. ಒಂದು ಬಾರಿಗೆ ಒಂದೇ ಪದಾರ್ಥವನ್ನು, ಸ್ವಲ್ಪದಿಂದ ಆರಂಭಿಸಿ, ಏನು ತಿಂದೆವು, ಯಾವಾಗ ತೊಂದರೆಯಾಯಿತು ಎಂಬುದನ್ನು ಬರೆದಿಡಬೇಕು. ರೊಟ್ಟಿ ಒಗ್ಗಲಿಲ್ಲ ಎನ್ನುವವರಿಗೆ ಅದರೊಡನೆ ಕಚ್ಚಿಕೊಂಡ ಹಸಿ ಉಳ್ಳಾಗಡ್ಡಿಯೇ ಕಾರಣವಾಗಿರಬಹುದು. ರಕ್ತದಲ್ಲಿನ ಐಜಿಜಿ ಎಂಬ ಪ್ರತಿಕಾಯವನ್ನು ಅಳೆದು, ಒಗ್ಗದವೆಂದು ನೂರಾರು ಆಹಾರಗಳ ಪಟ್ಟಿ ಕೊಡುವ ರಕ್ತಪರೀಕ್ಷೆಗಳಿಗೆ ಹಣ ಸುರಿಯಬೇಡಿ. ಅವು ಆ ಆಹಾರವನ್ನು ತಿಂದಿದ್ದೀರಿ ಎಂಬುದನ್ನಷ್ಟೇ ಸೂಚಿಸಬಲ್ಲವು. ಶೇಂಗಾ ತಿಂದೊಡನೆ ತುಟಿ ಊದಿ ಉಸಿರು ಕಟ್ಟಿದರೆ ಅದು ಅಲರ್ಜಿ, ಮನೆಯಲ್ಲಿ ಪರೀಕ್ಷಿಸುವ ವಿಷಯವಲ್ಲ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗೋಧಿಯ ವಿಷಯದಲ್ಲಿ ಕ್ರಮ ಬೇರೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಮೊದಲೇ ಚಪಾತಿ ಬಿಟ್ಟರೆ ಕಾಯಿಲೆ ಇದ್ದರೂ ಫಲಿತಾಂಶದಲ್ಲಿ ಕಾಣದಿರಬಹುದು. ಕಾಯಿಲೆ ಖಚಿತವಾದವರಿಗೆ ಗ್ಲುಟೆನ್ ಇಲ್ಲದ ಜೋಳ ಒಳ್ಳೆಯ ಆಸರೆ. ಆದರೆ ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳವನ್ನೂ ಹಾಕಿಸಿದರೆ ಹಿಟ್ಟಿನಲ್ಲಿ ಗೋಧಿ ಬೆರೆಯುವುದರಿಂದ, ಜೋಳಕ್ಕೇ ಮೀಸಲಾದ ಗಿರಣಿಯನ್ನು ಹುಡುಕಬೇಕು ಅಥವಾ ಮನೆಯಲ್ಲಿಯೇ ಬೀಸಿಕೊಳ್ಳಬೇಕು.